ಮಲಿಕ್ ಅಂಬರ್: ಹಡಗಿನಲ್ಲಿ ಬಂದ ಹಬಶಿಯ ಬಾಳು

ಐಚ್ಛಿಕ ಕನ್ನಡದ ಅಂತಿಮ ವರ್ಷದ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ತನ್ನ ಇತಿಹಾಸ ಪುಸ್ತಕವನ್ನು ತೆರೆದು ಒಂದು ಹಡಗಿನ ಚಿತ್ರವನ್ನು ನನ್ನ ಮುಂದಿಟ್ಟಳು. ಅದು ಬ್ರೂಕ್ಸ್ ಎಂಬ ಆಂಗ್ಲ ಹಾಯಿಹಡಗಿನ ನಕ್ಷೆ. 1781ರಲ್ಲಿ ಲಿವರ್‌ಪೂಲಿನಲ್ಲಿ ನೀರಿಗಿಳಿದ ಆ ಹಡಗು ಆಫ್ರಿಕದ ಪಶ್ಚಿಮ ಕರಾವಳಿಯಿಂದ ಮನುಷ್ಯರನ್ನು ತುಂಬಿಕೊಂಡು ಅಟ್ಲಾಂಟಿಕ್ ಸಾಗರವನ್ನು ದಾಟಿ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಇಳಿಸುತ್ತಿತ್ತು. ಗುಲಾಮಗಿರಿಯ ವಿರೋಧಿಗಳು 1788ರಲ್ಲಿ ಅಚ್ಚು ಹಾಕಿಸಿದ ಆ ನಕ್ಷೆಯಲ್ಲಿ, ಉಗ್ರಾಣದಲ್ಲಿ ಒಟ್ಟಿದ ಮೂಟೆಗಳಂತೆ, ನೂರಾರು ಮಾನವಾಕೃತಿಗಳು ಒಂದಕ್ಕೊಂದು ತಾಗಿಕೊಂಡು ಮಲಗಿವೆ. ಕಾನೂನು 454 ಜನರ ಮಿತಿಯನ್ನು ಹಾಕುವ ಮೊದಲು ಅದೇ ಹಡಗು ಒಂದು ಯಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಹೊತ್ತಿತ್ತು. ಸುಮಾರು ಮೂರೂವರೆ ಶತಮಾನಗಳ ಅವಧಿಯಲ್ಲಿ ಇಂಥ ಹಡಗುಗಳನ್ನೇರಿದವರು ಸುಮಾರು 1 ಕೋಟಿ 25 ಲಕ್ಷ ಮಂದಿ. ದಡವನ್ನು ಕಾಣದೆ ನಡುನೀರಿನಲ್ಲಿಯೇ ಪ್ರಾಣಬಿಟ್ಟವರು ಸುಮಾರು 18 ಲಕ್ಷ.

ಚಿತ್ರವನ್ನು ತೋರಿಸಿದ ವಿದ್ಯಾರ್ಥಿನಿಯ ಪ್ರಶ್ನೆ ಸರಳವಾಗಿತ್ತು. ಇಂಥ ಹಡಗುಗಳು ನಮ್ಮ ನಾಡಿಗೂ ಬಂದಿದ್ದವೇ ಎಂದು ಅವಳು ಕೇಳಿದಳು. ಬಂದಿದ್ದವು ಎಂದು ಉತ್ತರಿಸಿದೆ, ಗಂಟೆ ಬಾರಿಸಿತು. ಉಳಿದ ಉತ್ತರವನ್ನು ಈ ಪುಟಗಳಲ್ಲಿ ಹೇಳಬೇಕಾಗಿದೆ. ಅಂಕಿಸಂಖ್ಯೆಗಳಿಗಿಂತ ಒಬ್ಬ ಮನುಷ್ಯನ ಬಾಳಿನ ಮೂಲಕ ಅದನ್ನು ಹೇಳುವುದು ಲೇಸೆಂದು ನನಗೆ ತೋರಿದೆ. ಆ ಮನುಷ್ಯ ಅಹಮದನಗರದ ನಿಜಾಮಶಾಹಿಯ ಸರ್ವಾಧಿಕಾರಿಯಾಗಿದ್ದ ಮಲಿಕ್ ಅಂಬರ್.

ನಾನು ಕಲಿತದ್ದು ಮರಾಠಿ ಮತ್ತು ಕನ್ನಡ ಎರಡೂ ಭಾಷೆಗಳಲ್ಲಿ ಪಾಠ ನಡೆಯುತ್ತಿದ್ದ ಗಡಿಯ ಶಾಲೆಯಲ್ಲಿ. ಮರಾಠಿಯ ಇತಿಹಾಸಪಾಠದಲ್ಲಿ ಮಲಿಕ್ ಅಂಬರ್ ಭೋಸಲೆ ಮನೆತನದ ಹಿರಿಯರಿಗೆ ಯುದ್ಧವಿದ್ಯೆಯ ದಾರಿ ತೋರಿದ ಚತುರ. ರೈತನ ಹೊಲವನ್ನು ಅಳೆಯಿಸಿ ನ್ಯಾಯವಾದ ಕಂದಾಯ ಕಟ್ಟಿದ ಆಡಳಿತಗಾರ. ಕನ್ನಡದ ಪಾಠದಲ್ಲಿ ಆತ ಬಿಜಾಪುರದ ಸೊಬಗಿನ ನೌರಸಪುರವನ್ನು ಸುಟ್ಟು ಹಾಳುಗೆಡವಿದ ವೈರಿ. ಇಬ್ಬರೂ ಒಬ್ಬನೇ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ಒಬ್ಬ ಮನುಷ್ಯನನ್ನು ಎರಡು ಭಾಷೆಗಳು ಎರಡಾಗಿ ಕಂಡಿದ್ದವು. ಆದರೆ ಆತನ ತಾಯಿನುಡಿ ಆತನನ್ನು ಹೇಗೆ ಕಂಡಿರಬಹುದೆಂಬುದನ್ನು ಎರಡೂ ಕೇಳಿರಲಿಲ್ಲ.

ಆತನ ಮೊದಲ ಹೆಸರು ಚಾಪು. ಸುಮಾರು 1548ರಲ್ಲಿ ಇಥಿಯೋಪಿಯದ ದಕ್ಷಿಣ ಭಾಗದಲ್ಲಿ ಹುಟ್ಟಿದವನು. ಅರಬರು ಆ ದೇಶವನ್ನು ಹಬಶ್ ಎಂದು ಕರೆಯುತ್ತಿದ್ದುದರಿಂದ ಅಲ್ಲಿಂದ ಬಂದವರಿಗೆ ನಮ್ಮಲ್ಲಿ ಹಬಶಿಗಳೆಂಬ ಹೆಸರು ನಿಂತಿತು. ಬಾಲ್ಯದಲ್ಲಿಯೇ ಮನೆಮಾರುಗಳಿಂದ ಬೇರ್ಪಟ್ಟ ಹುಡುಗನನ್ನು ವ್ಯಾಪಾರಿಗಳು ಕೆಂಪು ಸಮುದ್ರದ ಆಚೆಗೆ ಸಾಗಿಸಿದರು. ಯೆಮೆನ್ ದೇಶದ ಮೋಕಾ ಬಂದರಿನಲ್ಲಿ ಆತನ ಬೆಲೆ 20 ಡ್ಯೂಕಟ್ ನಾಣ್ಯಗಳಾಗಿತ್ತೆಂದು ಮುಂದೆ ಆತನನ್ನು ಕಂಡ ಡಚ್ ವರ್ತಕ ಪೀಟರ್ ವಾನ್ ಡೆನ್ ಬ್ರೂಕ ಬರೆದಿಟ್ಟಿದ್ದಾನೆ. ಅಟ್ಲಾಂಟಿಕ್ ಸಾಗರದ ಹಡಗುಗಳಿಗೆ ಲೆಕ್ಕದ ಪುಸ್ತಕಗಳಿದ್ದವು, ವಿಮೆಯ ಪತ್ರಗಳಿದ್ದವು, ಕೊನೆಗೆ ನಕ್ಷೆಯೂ ಸಿದ್ಧವಾಯಿತು. ಚಾಪು ಏರಿದ ಹಾಯಿದೋಣಿಗೆ ಹೆಸರೂ ಉಳಿದಿಲ್ಲ.

ಮೋಕಾದಿಂದ ಬಾಗ್ದಾದಿಗೆ ಸಾಗಿದ ಹುಡುಗನನ್ನು ಮೀರ್ ಕಾಸಿಂ ಎಂಬ ವರ್ತಕ ಕೊಂಡನು. ಹುಡುಗನ ಚುರುಕನ್ನು ಗುರುತಿಸಿ ವಿದ್ಯೆ ಕಲಿಸಿದನು, ಇಸ್ಲಾಂ ಧರ್ಮಕ್ಕೆ ಸೇರಿಸಿಕೊಂಡನು, ಅಂಬರ್ ಎಂಬ ಹೊಸ ಹೆಸರನ್ನೂ ಇಟ್ಟನು. ಸಂಸ್ಕೃತವನ್ನು ಬಲ್ಲ ನಮಗೆ ಅಂಬರವೆಂದೊಡನೆ ಆಕಾಶ ನೆನಪಾಗುತ್ತದೆ; ಪೀತಾಂಬರವನ್ನು ನೆನೆದರೆ ಬಟ್ಟೆ ಎಂಬ ಅರ್ಥವೂ ಹೊಳೆಯುತ್ತದೆ. ಇಲ್ಲಿಯದು ಬೇರೆ ಶಬ್ದ. ಅರಬ್ಬಿಯಲ್ಲಿ ಅಂಬರ್ ಎಂದರೆ ತಿಮಿಂಗಿಲದ ಒಡಲಿನಿಂದ ದೊರೆಯುವ, ಬಲು ಬೆಲೆಬಾಳುವ ಸುಗಂಧದ್ರವ್ಯ. ಆ ಕಾಲದ ಗುಲಾಮರ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಡೆಯರ ಮನಸ್ಸು ತಿಳಿಯುತ್ತದೆ. ಯಾಕೂತ್ ಎಂದರೆ ಮಾಣಿಕ್ಯ, ಕಾಫೂರ್ ಎಂದರೆ ಕರ್ಪೂರ, ಸಂದಲ್ ಎಂದರೆ ಶ್ರೀಗಂಧ. ಹೆಸರುಗಳೇನೋ ಚೆಲುವಾದವು, ಆದರೆ ಎಲ್ಲವೂ ಅಂಗಡಿಯಲ್ಲಿ ತೂಗಿ ಮಾರುವ ಸರಕುಗಳು. ಮನುಷ್ಯನನ್ನು ವಸ್ತುವಾಗಿಸುವ ಕೆಲಸ ಸರಪಳಿಗಿಂತ ಮೊದಲು ನಾಮಕರಣದಲ್ಲಿಯೇ ನಡೆದುಹೋಗುತ್ತಿತ್ತು.

1570ರ ದಶಕದ ಆರಂಭದಲ್ಲಿ ಅಂಬರನನ್ನು ದಖನ್ನಿಗೆ ತಂದರು. ರಕ್ಕಸಗಿ ತಂಗಡಗಿಯ ಕಾಳಗ ನಡೆದು ಇನ್ನೂ ಹತ್ತು ವರ್ಷಗಳಾಗಿರಲಿಲ್ಲ. ವಿಜಯನಗರ ಪಾಳುಬಿದ್ದಿತ್ತು, ಗೆದ್ದ ಸುಲ್ತಾನರು ತಮ್ಮತಮ್ಮೊಳಗೆ ಕತ್ತಿ ಮಸೆಯುತ್ತಿದ್ದರು. ಅವರ ಆಸ್ಥಾನಗಳಲ್ಲಿ ಇರಾನಿನಿಂದ ಬಂದ ಪರದೇಶಿಗಳಿಗೂ ಸ್ಥಳೀಯರಾದ ದಖನಿಗಳಿಗೂ ತೀರದ ಪೈಪೋಟಿ. ಬಂಧುಬಳಗವಿಲ್ಲದ, ಒಡೆಯನನ್ನುಳಿದು ಮತ್ತೊಂದು ಆಸರೆಯಿಲ್ಲದ ಹಬಶಿ ಯೋಧರು ಅಧಿಕಾರಸ್ಥರಿಗೆ ಬೇಕಾದದ್ದು ಈ ಕಾರಣದಿಂದ. ಅಂಬರನನ್ನು ಕೊಂಡವನು ಅಹಮದನಗರದ ಪೇಶ್ವೆಯಾಗಿದ್ದ ಚಂಗೀಜ್ ಖಾನ್. ಆತನ ಬಳಿ ಇಂಥ ಸಾವಿರದಷ್ಟು ಹಬಶಿಗಳಿದ್ದರು. ವಿಚಿತ್ರವೆಂದರೆ ಆ ಪೇಶ್ವೆಯೂ ಒಂದು ಕಾಲದಲ್ಲಿ ಗುಲಾಮನಾಗಿ ಬಂದ ಹಬಶಿಯೇ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಅಟ್ಲಾಂಟಿಕ್ಕಿನ ಆಚೆ ಕಬ್ಬಿನ ತೋಟಕ್ಕೆ ಮಾರಿಹೋದವನ ಮಕ್ಕಳೂ ಮೊಮ್ಮಕ್ಕಳೂ ಗುಲಾಮರಾಗಿಯೇ ಹುಟ್ಟುತ್ತಿದ್ದರು. ದಖನ್ನಿನಲ್ಲಿ ಸೈನಿಕ ಗುಲಾಮನು ಒಡೆಯನ ಮರಣಾನಂತರ ಬಹುಮಟ್ಟಿಗೆ ಬಿಡುಗಡೆ ಹೊಂದಿ, ತನ್ನ ಕತ್ತಿಯನ್ನೇ ನಂಬಿ ಬಾಳಬಹುದಾಗಿತ್ತು. ಇದನ್ನು ಹಿಡಿದು ನಮ್ಮ ಕಡಲಿನ ಗುಲಾಮಗಿರಿ ಮೃದುವಾದದ್ದೆಂದು ಕೆಲವರು ವಾದಿಸುವುದುಂಟು. ಹಾಗೆ ಹೇಳುವಾಗ ತಾಯಿಯಿಂದ ಕಿತ್ತುತಂದ ಮಗುವನ್ನು ಮರೆಯಬಾರದು. ಇನ್ನೊಂದನ್ನೂ ಮರೆಯಬಾರದು. ಇಥಿಯೋಪಿಯದ ಕಡೆಗೆ ಹಿಂದಿರುಗುವ ಹಡಗುಗಳಲ್ಲಿ ತುಂಬಿರುತ್ತಿದ್ದ ಸರಕುಗಳಲ್ಲಿ ಭಾರತದ ಹತ್ತಿಬಟ್ಟೆ ಮುಖ್ಯವಾದುದು. ಮುಂದೆ ಐರೋಪ್ಯರು ಪಶ್ಚಿಮ ಆಫ್ರಿಕದಲ್ಲಿ ಗುಲಾಮರನ್ನು ಕೊಳ್ಳುವಾಗಲೂ ತಮಿಳು ಕರಾವಳಿಯ ನೀಲಿಬಟ್ಟೆಯನ್ನು ಬೆಲೆಯಾಗಿ ಕೊಡುತ್ತಿದ್ದರು. ಗಿನಿ ಬಟ್ಟೆಯೆಂದೇ ಅದಕ್ಕೆ ಹೆಸರಿತ್ತು. ನೂಲು ನೇಯ್ದ ಕೈಗಳಿಗೆ ತಮ್ಮ ಬಟ್ಟೆ ಯಾವ ತಕ್ಕಡಿಯನ್ನೇರಿತೆಂಬುದು ತಿಳಿದಿರಲಿಲ್ಲ. ಆದರೆ ಆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಚಾಪುವಿನಂಥ ಹುಡುಗರಿದ್ದರು.

ಕೆಲವೇ ವರ್ಷಗಳಲ್ಲಿ ಚಂಗೀಜ್ ಖಾನ್ ತೀರಿಕೊಂಡನು. ಆತನ ವಿಧವೆ ಅಂಬರನಿಗೆ ಬಿಡುಗಡೆ ನೀಡಿದಳು. ಒಡೆಯನಿಲ್ಲದ ಅಂಬರ್ ಮದುವೆಯಾದನು. ಆತನ ಪತ್ನಿಯ ಹೆಸರು ಬೀಬಿ ಕರೀಮಾ. ಮುಂದಿನ ಸುಮಾರು ಇಪ್ಪತ್ತು ವರ್ಷ ಒಂದು ಸಣ್ಣ ಕುದುರೆಪಡೆಯೊಡನೆ ಸಂಬಳಕ್ಕಾಗಿ ದುಡಿಯುವ ದಂಡಾಳಾಗಿ ಅಲೆದನು. ಬಿಜಾಪುರದ ಆದಿಲಶಾಹಿಯ ಸೇವೆಯಲ್ಲಿಯೂ ಇದ್ದನು; ಮಲಿಕ್ ಎಂಬ ಬಿರುದು ದೊರೆತದ್ದು ಅಲ್ಲಿಯೇ. ನಮ್ಮ ಬಾರಾಮಹಲಿನಲ್ಲಿ ಜಗದೇವರಾಯನ ಮನೆತನ ಆಳುತ್ತಿದ್ದ, ಇಂದಿಗೂ ಆತನ ಹೆಸರನ್ನು ಹೊತ್ತಿರುವ ಕೃಷ್ಣಗಿರಿ ಬಳಿಯ ಜಗದೇವಿಯ ಕೋಟೆ ಬಾಳಿ ಬದುಕುತ್ತಿದ್ದ ಕಾಲವದು. 1595ರಲ್ಲಿ ಅಂಬರ್ ಸುಮಾರು 150 ಕುದುರೆ ಸವಾರರೊಡನೆ ಅಹಮದನಗರಕ್ಕೆ ಮರಳಿ ಅಭಂಗ ಖಾನನೆಂಬ ಹಬಶಿ ಸರದಾರನನ್ನು ಸೇರಿದನು. ಆಗ ಆತನ ವಯಸ್ಸು ಐವತ್ತರ ಸಮೀಪ. ಸಾಮಾನ್ಯರು ಕತ್ತಿಯನ್ನು ಗೂಟಕ್ಕೆ ತೂಗುಹಾಕುವ ವಯಸ್ಸಿನಲ್ಲಿ ಆತನ ನಿಜವಾದ ಬಾಳು ಆರಂಭವಾಯಿತು.

ಅದೇ ವರ್ಷದ ಕೊನೆಯಲ್ಲಿ ಅಕ್ಬರನ ಸೈನ್ಯ ಅಹಮದನಗರವನ್ನು ಮುತ್ತಿತು. ಚಾಂದಬೀಬಿಯ ಧೈರ್ಯದಿಂದ ಕೋಟೆ ಒಮ್ಮೆ ಉಳಿಯಿತು, 1600ರಲ್ಲಿ ಬಿದ್ದಿತು. ಸುಲ್ತಾನನು ಸೆರೆಯಾದನು. ರಾಜಧಾನಿಯೂ ರಾಜನೂ ಇಲ್ಲದ ರಾಜ್ಯ ಅಲ್ಲಿಗೆ ಮುಗಿದಂತೆಯೇ. ಮುಗಿಯದಂತೆ ನೋಡಿಕೊಂಡವನು ಅಂಬರ್. ಹಳ್ಳಿಗಾಡುಗಳಲ್ಲಿ ಚದುರಿದ ಸೈನಿಕರನ್ನು ಆತ ಒಟ್ಟುಗೂಡಿಸಿದನು; ಅವನ ಕುದುರೆಪಡೆ ನೂರುಗಳಿಂದ ಸಾವಿರಗಳಿಗೆ ಬೆಳೆಯಿತು. ರಾಜವಂಶದ ಒಬ್ಬ ತರುಣನನ್ನು ಹುಡುಕಿ ತಂದು, ತನ್ನ ಮಗಳನ್ನು ಕೊಟ್ಟು ಮದುವೆ ಮಾಡಿಸಿ, ಎರಡನೆಯ ಮುರ್ತಜಾ ನಿಜಾಮಶಹನೆಂಬ ಹೆಸರಿನಲ್ಲಿ ಪಟ್ಟಕ್ಕೇರಿಸಿದನು. ಪರಾಂಡ, ಜುನ್ನರ, ದೌಲತಾಬಾದುಗಳಿಗೆ ರಾಜಧಾನಿ ತಿರುಗುತ್ತಿತ್ತು; ರಾಜ್ಯ ಕುದುರೆಯ ಬೆನ್ನ ಮೇಲಿತ್ತು. 1610ರ ಸುಮಾರಿಗೆ ಆತನ ದಂಡಿನಲ್ಲಿ 10,000 ಹಬಶಿಗಳೂ 40,000 ದಖನಿಗಳೂ ಇದ್ದರೆಂದು ಆಂಗ್ಲ ಪ್ರವಾಸಿ ವಿಲಿಯಂ ಫಿಂಚ್ ದಾಖಲಿಸಿದ್ದಾನೆ.

ಆ ದಖನಿಗಳಲ್ಲಿ ಮರಾಠರ ಸಂಖ್ಯೆ ದೊಡ್ಡದು. ಮೊಗಲರ ಸೈನ್ಯವೆಂದರೆ ಆನೆ, ಫಿರಂಗಿ, ಡೇರೆ, ಸಂತೆ ಎಲ್ಲವನ್ನೂ ಎಳೆದುಕೊಂಡು ಸಾಗುವ ಒಂದು ನಡೆದಾಡುವ ನಗರ. ಅದರೊಡನೆ ಬಯಲಿನಲ್ಲಿ ಎದುರಾಗಿ ಹೋರಾಡುವುದು ಅವಿವೇಕವೆಂದು ಅಂಬರ್ ಅರಿತನು. ಹಗುರವಾದ ಕುದುರೆಗಳ ಮೇಲೆ ಗುಡ್ಡಗಣಿವೆಗಳಿಂದ ಇಳಿದು, ಕಾಳುಕಡ್ಡಿಯ ಸಾಗಣೆಯನ್ನು ಕಡಿದು, ಇರುಳಿನಲ್ಲಿ ಪಾಳೆಯವನ್ನು ಕೆಣಕಿ, ಬೆಳಗಾಗುವುದರೊಳಗೆ ಮಾಯವಾಗುವ ಯುದ್ಧವನ್ನು ತನ್ನವರಿಗೆ ರೂಢಿ ಮಾಡಿಸಿದನು. ಇದಕ್ಕೆ ಬರ್ಗಿಗಿರಿ ಎಂದು ಹೆಸರು. ಈ ದಂಡಿನ ಗರಡಿಯಲ್ಲಿ ಪಳಗಿದ ತರುಣರಲ್ಲಿ ಭೋಸಲೆ ಮನೆತನದ ಶಹಾಜಿ ಒಬ್ಬನು.

ಗುಲಾಮಗಿರಿಯ ಗಾಯ ಎಷ್ಟು ಆಳವಾದದ್ದೆಂಬುದಕ್ಕೆ 1610ರ ಒಂದು ಘಟನೆ ಸಾಕ್ಷಿ. ಅರಮನೆಯಲ್ಲಿ ಸುಲ್ತಾನನ ಹಿರಿಯ ರಾಣಿ, ಪಾರಸಿಕ ಕುಲದವಳು, ಅಂಬರನ ಮಗಳನ್ನು ಗುಲಾಮನ ಕುಡಿಯೆಂದು ಹೀಯಾಳಿಸಿದಳೆಂದೂ ಕೆಲವೇ ದಿನಗಳಲ್ಲಿ ಸುಲ್ತಾನನೂ ಆ ರಾಣಿಯೂ ವಿಷಪ್ರಾಶನದಿಂದ ಸತ್ತರೆಂದೂ ಡಚ್ ವರ್ತಕರ ಬರಹ ಹೇಳುತ್ತದೆ. ಅಂಬರ್ ಐದು ವರ್ಷದ ಬಾಲಕನನ್ನು ಸಿಂಹಾಸನದ ಮೇಲೆ ಕೂರಿಸಿದನು. ಈ ಕೃತ್ಯವನ್ನು ನಾನು ಸಮರ್ಥಿಸಲಾರೆ, ಮರೆಮಾಚಲೂ ಆರೆ. ದೊರೆಗಳನ್ನು ಪಟ್ಟಕ್ಕೇರಿಸುವ ಶಕ್ತಿ ಬಂದ ಮೇಲೂ ಮೋಕಾ ಬಂದರಿನ ಸಂತೆ ಆ ಮನುಷ್ಯನ ಬೆನ್ನು ಬಿಟ್ಟಿರಲಿಲ್ಲ. ಅಷ್ಟೇ ಅಲ್ಲ, ಆತನ ಆಳ್ವಿಕೆಯಲ್ಲಿಯೂ ಹಬಶಿ ಹುಡುಗರನ್ನು ಕೊಂಡುತರುವ ವ್ಯಾಪಾರ ನಿಲ್ಲಲಿಲ್ಲ. ತಾನು ಏರಿದ ದೋಣಿಯನ್ನು ಆತ ಮುಳುಗಿಸಲಿಲ್ಲ. ಮಹಾಪುರುಷರ ಚರಿತ್ರೆಯನ್ನು ಓದುವಾಗ ಇಂಥ ಪುಟಗಳನ್ನು ಹಾರಿಸಿ ಓದುವುದು ಚರಿತ್ರೆಗೂ ಅನ್ಯಾಯ, ಆ ಪುರುಷರಿಗೂ ಅನ್ಯಾಯ.

ಆತನ ಕಟ್ಟುವ ಕೆಲಸವೂ ಅಷ್ಟೇ ಸತ್ಯ. ದೌಲತಾಬಾದಿನ ಸಮೀಪ ಖಡಕಿ ಎಂಬ ಹಳ್ಳಿಯಿದ್ದ ನೆಲದಲ್ಲಿ 1610ರಲ್ಲಿ ಒಂದು ನಗರಕ್ಕೆ ಅಡಿಪಾಯ ಹಾಕಿದನು. ನೆಲ ಕಲ್ಲು, ನೀರು ವಿರಳ. ಉತ್ತರದ ಗುಡ್ಡಗಳ ತಪ್ಪಲಿನಲ್ಲಿ ಇಂಗಿದ ನೀರನ್ನು ಭೂಗತ ಕಾಲುವೆಗಳ ಮೂಲಕ, ಇಳಿಜಾರನ್ನೇ ನಂಬಿ, ನಗರಕ್ಕೆ ಹರಿಸಿದನು. ನಡುನಡುವೆ ಗಾಳಿಗೂ ಶುಚಿಗೂ ಬಾವಿಯಂಥ ಕಂಡಿಗಳನ್ನಿಡಿಸಿದನು. ನಹರ್-ಎ-ಅಂಬರಿ ಎಂಬ ಹೆಸರಿನ ಆ ಜಲಮಾರ್ಗ ಶತಮಾನಗಳ ಕಾಲ ಊರಿಗೆ ನೀರುಣಿಸಿತು. ರಾಮನಾಯಕನ ಕೆರೆಯ ದಂಡೆಯಲ್ಲಿ ಬೆಳೆದ ಹೊಸೂರಿನ ನಿಮಗೆ ನೀರು ತಂದವನ ಬೆಲೆಯನ್ನು ನಾನು ಹೇಳಬೇಕಾಗಿಲ್ಲ.

ಕಂದಾಯದ ವಿಷಯದಲ್ಲಿ ಗುತ್ತಿಗೆದಾರರಿಗೆ ಊರುಗಳನ್ನು ಹರಾಜು ಹಾಕುವ ಪದ್ಧತಿಯನ್ನು ನಿಲ್ಲಿಸಿ, ನೆಲವನ್ನು ಫಲವತ್ತತೆಗನುಗುಣವಾಗಿ ವಿಂಗಡಿಸಿ, ಬೆಳೆಯನ್ನು ನೋಡಿ ಪಾಲನ್ನು ನಿಗದಿಪಡಿಸಿದನು. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಮಲಿಕಂಬರಿ ಎಂಬ ಮಾತೇ ಆ ಪದ್ಧತಿಗೆ ಹೆಸರಾಗಿ ಉಳಿಯಿತು. ಅದಾದ ನೂರೆಪ್ಪತ್ತು ವರ್ಷಗಳ ಮೇಲೆ, 1792ರಿಂದ 1799ರವರೆಗೆ, ನಮ್ಮ ಬಾರಾಮಹಲಿನ ಹೊಲಗಳನ್ನು ಅಲೆಗ್ಸಾಂಡರ್ ರೀಡ್ ಮತ್ತು ಥಾಮಸ್ ಮನ್ರೋ ಅಳೆಯಿಸಿದ ಕಥೆಯನ್ನು ನೀವು ಕೇಳಿದ್ದೀರಿ. ಮನ್ರೋವಿನ ಹೆಸರು ನಮ್ಮ ಪಠ್ಯಗಳಲ್ಲಿದೆ. ಅದೇ ತೊಡಕಿಗೆ ಅಷ್ಟು ಹಿಂದೆಯೇ ಕೈಹಾಕಿದ ಹಬಶಿಯ ಹೆಸರೂ ಇರಬೇಕಾಗಿತ್ತು.

ಜಹಾಂಗೀರನಿಗೆ ಈತನ ಮೇಲೆ ಇದ್ದ ಕೋಪ ಅಳತೆ ಮೀರಿದ್ದು. ತನ್ನ ಆತ್ಮಕಥನದಲ್ಲಿ ಅಂಬರನ ಹೆಸರು ಬಂದಾಗಲೆಲ್ಲ ಆತನ ಮೈಬಣ್ಣವನ್ನು ಹಳಿಯದೆ ಬಾದಶಹ ಮುಂದುವರಿಯುವುದಿಲ್ಲ. 1616ರಲ್ಲಿ ರೋಶನಗಾಂವಿನ ಯುದ್ಧದಲ್ಲಿ ಮೊಗಲರು ಗೆದ್ದು ಖಡಕಿಯನ್ನು ಸುಟ್ಟರು. ಅದೇ ಸುಮಾರಿಗೆ ಆಸ್ಥಾನದ ಚಿತ್ರಕಾರ ಅಬುಲ್ ಹಸನ್ ಒಂದು ಚಿತ್ರ ಬರೆದನು. ಭೂಗೋಳದ ಮೇಲೆ ನಿಂತ ಜಹಾಂಗೀರ್, ಈಟಿಗೆ ಸಿಕ್ಕಿಸಿದ ಅಂಬರನ ತಲೆಗೆ ಬಾಣ ಬಿಡುತ್ತಿದ್ದಾನೆ. ಆ ಚಿತ್ರ ಇಂದು ಡಬ್ಲಿನ್ ನಗರದ ಗ್ರಂಥಾಲಯವೊಂದರಲ್ಲಿದೆ. ನಿಜ ಜೀವನದಲ್ಲಿ ಆ ತಲೆ ಬಾದಶಹನ ಕೈಗೆ ಸಿಗಲೇ ಇಲ್ಲ. ಕಣದಲ್ಲಿ ಆಗದುದನ್ನು ಕುಂಚದಿಂದ ಮಾಡಿಸಿಕೊಂಡ ಚಕ್ರವರ್ತಿಯ ಚಿತ್ರವದು. ಅಂಬರ್ ಸುಟ್ಟ ಊರನ್ನು ಮತ್ತೆ ಕಟ್ಟಿದನು.

1624ರಲ್ಲಿ ಮೊಗಲರೂ ಬಿಜಾಪುರದವರೂ ಕೂಡಿ ಆತನ ಮೇಲೆ ಬಂದರು. ಆಗ ಆತ ಎಪ್ಪತ್ತೈದು ದಾಟಿದ ಮುದುಕ. ಅಹಮದನಗರದ ಸಮೀಪದ ಭಾತವಡಿಯಲ್ಲಿ ಕೆರೆಯ ಏರಿಯನ್ನೊಡೆದು ಶತ್ರುವಿನ ದಾರಿಯನ್ನು ಕೆಸರುಮಾಡಿದನು. ಅನ್ನವಿಲ್ಲದೆ ಬಳಲಿದ ವೈರಿ ಸೈನಿಕರು ಇರುಳಿನಲ್ಲಿ ಒಬ್ಬೊಬ್ಬರಾಗಿ ಈತನ ಪಾಳೆಯಕ್ಕೇ ಬಂದು ಸೇರತೊಡಗಿದರು. ಕೊನೆಯ ಕಾಳಗದಲ್ಲಿ ಬಿಜಾಪುರದ ಸೇನಾನಿ ಮುಲ್ಲಾ ಮುಹಮ್ಮದ್ ಲಾರಿ ಮಡಿದನು. ಅಂಬರನ ಪಕ್ಷದಲ್ಲಿ ಶಹಾಜಿಯ ತಮ್ಮ ಶರೀಫಜಿ ಮಡಿದನು. ಗೆಲುವಿನ ಬೆನ್ನಲ್ಲೇ ಅಂಬರ್ ಬಿಜಾಪುರದತ್ತ ನುಗ್ಗಿ ನೌರಸಪುರವನ್ನು ನೆಲಸಮ ಮಾಡಿದನು. ಸರಸ್ವತಿಯನ್ನು ಸ್ತುತಿಸಿ ಕಿತಾಬ್-ಎ-ನೌರಸ್ ರಚಿಸಿದ ಎರಡನೆಯ ಇಬ್ರಾಹಿಂ ಆದಿಲಶಹನ ಕನಸಿನ ಊರು ಅದು. 1609ರಲ್ಲಿ ಅಂಬರನ ಮಗ ಫತೇಖಾನನ ಮದುವೆಯನ್ನು ಇದೇ ಇಬ್ರಾಹಿಂ ವೈಭವದಿಂದ ನಡೆಸಿಕೊಟ್ಟಿದ್ದನು. ನನ್ನ ಎರಡು ಪಾಠಪುಸ್ತಕಗಳು ಬೇರೆಬೇರೆ ದಾರಿ ಹಿಡಿದದ್ದು ಈ ಎಡೆಯಲ್ಲಿ. ಎರಡೂ ಹೇಳಿದ್ದು ನಿಜ, ಎರಡೂ ಅರ್ಧ.

1626ರ ಮೇ ತಿಂಗಳಿನಲ್ಲಿ ಮಲಿಕ್ ಅಂಬರ್ ತೀರಿಕೊಂಡನು. ಮೊಗಲ್ ಆಸ್ಥಾನದ ಇತಿಹಾಸಕಾರ ಮುತಮದ್ ಖಾನನೂ ಶತ್ರುವೆಂಬುದನ್ನು ಬದಿಗಿಟ್ಟು ಆತನ ಯುದ್ಧಕೌಶಲವನ್ನೂ ಆಡಳಿತವನ್ನೂ ಹೊಗಳಿ ಬರೆದನು. ಖುಲ್ದಾಬಾದಿನಲ್ಲಿ ಆತನ ಗೋರಿಯಿದೆ; ಸಮೀಪದಲ್ಲಿಯೇ ಬೀಬಿ ಕರೀಮಾಳ ಗೋರಿ. ಹತ್ತು ವರ್ಷಗಳೊಳಗೆ ನಿಜಾಮಶಾಹಿ ಅಳಿಯಿತು. ಖಡಕಿಯನ್ನು ಮಗ ಫತೇನಗರವೆಂದು ಕರೆದನು, ಔರಂಗಜೇಬನು ಔರಂಗಾಬಾದ್ ಮಾಡಿದನು, ಈಗ ಅದು ಛತ್ರಪತಿ ಸಂಭಾಜಿನಗರ. ಹೆಸರು ಕಳೆದುಕೊಂಡು ಬಂದವನು ಕಟ್ಟಿದ ಊರಿಗೂ ಹೆಸರು ನಿಲ್ಲಲಿಲ್ಲ.

ನಿಜಾಮಶಾಹಿ ಮುಳುಗಿದ ಮೇಲೆ ಶಹಾಜಿ ಬಿಜಾಪುರದ ಸೇವೆಗೆ ಸೇರಿದನು. 1638ರಲ್ಲಿ ರಣದುಲ್ಲಾ ಖಾನನೊಡನೆ ದಕ್ಷಿಣಕ್ಕೆ ಬಂದು, ಕೆಂಪೇಗೌಡರ ವಂಶದವರ ಕೈತಪ್ಪಿದ ಬೆಂಗಳೂರನ್ನು ಜಹಗೀರಿಯಾಗಿ ಪಡೆದನು. ನಮ್ಮ ಹೊಸೂರಿಗೆ ಅದು ಕೇವಲ 40 ಕಿಲೋಮೀಟರು. ಆತನ ಆಸ್ಥಾನದಲ್ಲಿ ಜಯರಾಮ ಪಿಂಡ್ಯೆ ಎಂಬ ಕವಿ ಹಲವು ಭಾಷೆಗಳ ಪದ್ಯಗಳನ್ನು ಹೆಣೆದು ರಾಧಾಮಾಧವವಿಲಾಸ ಚಂಪೂ ರಚಿಸಿದನು. 1664ರಲ್ಲಿ ಚನ್ನಗಿರಿಯ ಬಳಿಯ ಹೊದಿಗೆರೆಯಲ್ಲಿ ಶಹಾಜಿ ಮಡಿದನು. ಹೀಗೆ ಇಥಿಯೋಪಿಯದಲ್ಲಿ ಆರಂಭವಾದ ಒಂದು ಎಳೆ ಮೋಕಾ, ಬಾಗ್ದಾದ್, ಅಹಮದನಗರಗಳನ್ನು ಹಾದು ನಮ್ಮ ನೆರೆಯ ಊರಿನವರೆಗೆ ಬಂದಿದೆ.

ಇನ್ನೊಂದು ಎಳೆ ಉತ್ತರ ಕನ್ನಡದ ಕಾಡುಗಳಲ್ಲಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ಸಿದ್ದಿ ಜನರ ಹಿರಿಯರಲ್ಲಿ ಬಹುಮಂದಿ ಗೋವೆಯ ಪೋರ್ತುಗೀಸರ ಕೈಯಿಂದ ತಪ್ಪಿಸಿಕೊಂಡು ಬಂದವರು. ಅವರ ಮನೆಮಾತಿನಲ್ಲಿ ಕೊಂಕಣಿ, ಕನ್ನಡ, ಮರಾಠಿಗಳು ಬೆರೆತಿವೆ. ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ, ಅಂಬರ್ ತೀರಿಕೊಂಡು 377 ವರ್ಷಗಳ ಮೇಲೆ. ಅವರು ನಮ್ಮ ಭಾಷೆಯನ್ನಾಡುವ ನಮ್ಮ ಜನ. ಆದರೂ ಬಸ್ಸಿನಲ್ಲಿ ಅವರನ್ನು ಕಂಡವರು ಯಾವ ದೇಶದವರೆಂದು ಕೇಳುವುದು ಇನ್ನೂ ನಿಂತಿಲ್ಲ. ಜಹಾಂಗೀರನ ಕೋಪ ಬಾದಶಹನೊಂದಿಗೇ ಸಾಯಲಿಲ್ಲವೆಂದಾಯಿತು.

ವಿದ್ಯಾರ್ಥಿಗಳೇ, ನಮ್ಮ ತರಗತಿಯಲ್ಲಿ ಮನೆಯಲ್ಲಿ ಕನ್ನಡವನ್ನಾಡುವವರಿದ್ದಾರೆ, ತೆಲುಗು, ತಮಿಳು, ಉರ್ದುಗಳನ್ನಾಡುವವರೂ ಇದ್ದಾರೆ. ಗಡಿಯಲ್ಲಿ ಬಾಳುವ ನಮಗೆ ಒಂದೇ ಸಂಗತಿಯನ್ನು ಎರಡು ಭಾಷೆಗಳಲ್ಲಿ ಕೇಳುವ ಭಾಗ್ಯವಿದೆ. ಆ ಎರಡನ್ನೂ ಕೇಳಿದ ಮೇಲೆ, ಅಲ್ಲಿ ದನಿಯಿಲ್ಲದೆ ಉಳಿದ ಮೂರನೆಯ ಭಾಷೆಯನ್ನೂ ವಿಚಾರಿಸುವುದು ಸಾಹಿತ್ಯವನ್ನೋದುವವರ ಕೆಲಸ. ಹಡಗಿನ ಚಿತ್ರವನ್ನು ತಂದ ವಿದ್ಯಾರ್ಥಿನಿಗೆ ನನ್ನ ಉತ್ತರ ಇಷ್ಟು. ಆ ಹಡಗುಗಳು ನಮ್ಮ ಕಡೆಗೂ ಬಂದವು. ನಮ್ಮ ಬಟ್ಟೆಯನ್ನು ಒಯ್ದವು, ಮಕ್ಕಳನ್ನು ತಂದವು. ಆ ಮಕ್ಕಳಲ್ಲಿ ಒಬ್ಬನಿಗೆ ಮಲಿಕ್ ಅಂಬರ್ ಎಂಬ ಹೆಸರು ಬಂತು. ಆತನ ತಾಯಿ ಇಟ್ಟ ಹೆಸರು ಚಾಪು.